ಕಣ್ಣಾರೆ ಕಂಡದ್ದರಲ್ಲಿ ಮೆದುಳಿನ ಪಾಲೆಷ್ಟು?

ದೂರದ ಬಸ್ಸು ಬರುತ್ತಿದೆಯೋ, ನಿಂತಿದೆಯೋ? ಒಳಗೆ ಫೋನ್ ರಿಂಗಾಯಿತೋ, ಇಲ್ಲವೋ? ಜಾತ್ರೆಯ ಗುಂಪಿನಲ್ಲಿ ಕಂಡ ಮುಖ ಪರಿಚಯದವರದೋ? ಇಂಥ ಪ್ರಶ್ನೆಗಳಿಗೆ ನಾವು ದಿನವಿಡೀ ಅರೆಕ್ಷಣದಲ್ಲಿ ಉತ್ತರ ಕೊಡುತ್ತಿರುತ್ತೇವೆ. ಇವನ್ನು ವಿಜ್ಞಾನಿಗಳು ಗ್ರಹಿಕೆಯ ತೀರ್ಮಾನಗಳು ಎನ್ನುತ್ತಾರೆ. ಇವುಗಳ ವಿಚಾರದಲ್ಲಿ ಎರಡು ಅತಿರೇಕಗಳು ಚಾಲ್ತಿಯಲ್ಲಿವೆ. ಕಣ್ಣು ಕಂಡದ್ದನ್ನು ಮೆದುಳು ಸುಮ್ಮನೆ ಸ್ವೀಕರಿಸುತ್ತದೆ ಎಂಬುದು ಹಳೆಯದು. ಮೆದುಳು ಎಲ್ಲವನ್ನೂ ಮೊದಲೇ ತೀರ್ಮಾನಿಸಿರುತ್ತದೆ, ನಾವು ಬರೀ ಗೊಂಬೆಗಳು ಎಂಬುದು ಹೊಸದು. ಎರಡೂ ತಪ್ಪು.

ತಪ್ಪು ಕಲ್ಪನೆ: ಕಣ್ಣು ಚೆನ್ನಾಗಿದ್ದರೆ ಕಾಣುವುದೆಲ್ಲ ಸರಿಯಾಗಿಯೇ ಇರುತ್ತದೆ.

ಸತ್ಯ: 1983ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಮಹಿಳೆಯ ವಿಚಿತ್ರ ತೊಂದರೆಯನ್ನು ದಾಖಲಿಸಿದರು. ಆಕೆಗೆ ಬಣ್ಣ ತಿಳಿಯುತ್ತಿತ್ತು, ವಸ್ತುಗಳ ಆಕಾರ ತಿಳಿಯುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಚಹಾ ಸುರಿಯುವಾಗ ಚಹಾದ ಧಾರೆ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಕಪ್ಪಿನಲ್ಲಿ ಮಟ್ಟ ಏರುವುದು ಗೊತ್ತಾಗದೆ ಚಹಾ ಹೊರಚೆಲ್ಲುತ್ತಿತ್ತು. ರಸ್ತೆ ದಾಟುವುದು ಇನ್ನೂ ಕಷ್ಟ: ದೂರದಲ್ಲಿದ್ದ ಕಾರು ನಡುವಿನ ದಾರಿಯೇ ಇಲ್ಲವೆಂಬಂತೆ ಒಮ್ಮೆಲೇ ಎದುರಿಗಿರುತ್ತಿತ್ತು. ಹಾನಿಯಾಗಿದ್ದದ್ದು ಕಣ್ಣಿಗಲ್ಲ, ಮೆದುಳಿನ ಹಿಂಭಾಗದ ಎರಡೂ ಪಕ್ಕಗಳಲ್ಲಿ ಚಲನೆಯ ಕೆಲಸ ನೋಡಿಕೊಳ್ಳುವ ಪ್ರದೇಶಕ್ಕೆ.

ಆ ಪ್ರದೇಶವನ್ನು ಎಂಟಿ ಎನ್ನುತ್ತಾರೆ. ಅದರ ಮೇಲೆ ಅಮೆರಿಕದ ವಿಲಿಯಂ ನ್ಯೂಸಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳನ್ನು ಬಿಟ್ಟು ಈ ವಿಷಯ ಮಾತಾಡುವಂತೆಯೇ ಇಲ್ಲ. ಕೋತಿಗಳಿಗೆ ಪರದೆಯ ಮೇಲೆ ನೂರಾರು ಚುಕ್ಕೆಗಳನ್ನು ತೋರಿಸುತ್ತಿದ್ದರು. ಬಹುಪಾಲು ಚುಕ್ಕೆಗಳು ಅಡ್ಡಾದಿಡ್ಡಿ, ಕೆಲವು ಮಾತ್ರ ಒಂದೇ ದಿಕ್ಕಿಗೆ. ಒಟ್ಟು ಹರಿವು ಯಾವ ಕಡೆಗೆಂದು ಕೋತಿ ತನ್ನ ನೋಟವನ್ನು ಎರಡು ದೀಪಗಳಲ್ಲಿ ಒಂದರತ್ತ ಹೊರಳಿಸಿ ಹೇಳಬೇಕು. ಎಂಟಿಯಲ್ಲಿ ಒಂದೊಂದು ನರಕೋಶಕ್ಕೂ ತನ್ನದೇ ಮೆಚ್ಚಿನ ದಿಕ್ಕಿದೆ. ಒಂದೇ ದಿಕ್ಕನ್ನು ಮೆಚ್ಚುವ ಕೋಶಗಳು ಅಕ್ಕಪಕ್ಕದಲ್ಲೇ ಗುಂಪಾಗಿರುತ್ತವೆ. 1990ರಲ್ಲಿ ಈ ತಂಡ ಅಂಥ ಒಂದು ಗುಂಪಿಗೆ, ಚುಕ್ಕೆಗಳು ಪರದೆಯ ಮೇಲಿರುವಾಗಲೇ, ಅತಿ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿತು. ಕೋತಿಯ ಉತ್ತರ ಆ ಗುಂಪಿನ ಮೆಚ್ಚಿನ ದಿಕ್ಕಿನತ್ತ ವಾಲಿತು. ಪರದೆಯಲ್ಲಿ ಇನ್ನಷ್ಟು ಚುಕ್ಕೆಗಳು ಆ ಕಡೆಗೆ ಹರಿದಿದ್ದರೆ ಏನಾಗುತ್ತಿತ್ತೋ ಅದೇ ಆಯಿತು.

ಈ ಪ್ರಯೋಗದ ತೂಕ ಇರುವುದು ಇಲ್ಲಿ. ಅದಕ್ಕೂ ಮುಂಚೆ ನರಕೋಶದ ಮಿಡಿತಕ್ಕೂ ತೀರ್ಮಾನಕ್ಕೂ ನಂಟಿದೆ ಎಂದಷ್ಟೇ ಹೇಳಬಹುದಿತ್ತು. ಈಗ ಮಿಡಿತವನ್ನು ಬದಲಿಸಿದರೆ ತೀರ್ಮಾನವೇ ಬದಲಾಗುತ್ತದೆ ಎಂಬುದು ಕಣ್ಣೆದುರಿಗೆ ಬಂತು. ಆದರೂ ಗಮನಿಸಿ: ಉತ್ತರ ವಾಲಿತು, ಕೋತಿ ಹೊರಗಿನ ಚುಕ್ಕೆಗಳನ್ನು ಮರೆಯಲಿಲ್ಲ. ಬಹುಪಾಲು ಚುಕ್ಕೆಗಳು ಸ್ಪಷ್ಟವಾಗಿ ಎದುರು ದಿಕ್ಕಿಗೆ ಹರಿದಾಗ ಅವುಗಳ ಮಾತೇ ಸಾಮಾನ್ಯವಾಗಿ ಗೆಲ್ಲುತ್ತಿತ್ತು.

ತಪ್ಪು ಕಲ್ಪನೆ: ಒಂದೇ ದೃಶ್ಯ ನೋಡಿದ ಇಬ್ಬರು ಬೇರೆ ಬೇರೆ ಹೇಳಿದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ಸತ್ಯ: ಇಬ್ಬರೇಕೆ, ಒಬ್ಬರೇ ಒಂದೇ ಚಿತ್ರಕ್ಕೆ ಎರಡು ಸಲ ಎರಡು ಉತ್ತರ ಕೊಡುತ್ತಾರೆ. ಡೆನ್ಮಾರ್ಕಿನ ಎಡ್ಗರ್ ರೂಬಿನ್ ಪ್ರಸಿದ್ಧಗೊಳಿಸಿದ ಚಿತ್ರವೊಂದಿದೆ: ಒಮ್ಮೆ ಹೂದಾನಿ, ಒಮ್ಮೆ ಎದುರುಬದುರು ನಿಂತ ಎರಡು ಮುಖ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಕ್ಯಾನರ್ ಒಳಗೆ ಮಲಗಿದ್ದವರಿಗೆ ಈ ಚಿತ್ರವನ್ನು ಕ್ಷಣಮಾತ್ರ ತೋರಿಸಿದರು. ಮುಖ ಗುರುತಿಸುವ ಪ್ರದೇಶದ ಚಟುವಟಿಕೆ ಚಿತ್ರ ಬರುವ ಮೊದಲೇ ತುಸು ಹೆಚ್ಚಿದ್ದಾಗ ಅವರು ಮುಖಗಳನ್ನು ಕಂಡೆವೆಂದು ಹೇಳುವ ಸಂಭವ ಹೆಚ್ಚಿತ್ತು. ಏನನ್ನೂ ನೋಡದಿರುವಾಗಲೂ ಮೆದುಳು ಸುಮ್ಮನಿರುವುದಿಲ್ಲ. ಆ ಏರಿಳಿತದ ಮೇಲೆಯೇ ಹೊಸ ದೃಶ್ಯ ಬಂದು ಬೀಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮೆದುಳು ಎಚ್ಚರವಾಗಿದ್ದಷ್ಟೂ ನೋಟ ಚುರುಕಾಗುತ್ತದೆ ಎಂದು ನಾವು ಎಣಿಸುತ್ತೇವೆ. 1929ರಲ್ಲಿ ಹಾನ್ಸ್ ಬರ್ಗರ್ ವರದಿ ಮಾಡಿದ ಆಲ್ಫಾ ಅಲೆಗಳು ಸೆಕೆಂಡಿಗೆ ಸುಮಾರು 8ರಿಂದ 12 ಸಲ ಏರಿಳಿಯುತ್ತವೆ. ಎಚ್ಚರ ಹೆಚ್ಚಿ ಈ ಅಲೆಗಳು ಕುಗ್ಗಿದಾಗ ಜನ ಮಂದವಾದ ಬೆಳಕನ್ನು ‘ಕಂಡೆ’ ಎನ್ನುವುದು ಹೆಚ್ಚುತ್ತದೆ, ನಿಜ. ಆದರೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಳಕು ಇಲ್ಲದಿದ್ದಾಗಲೂ ‘ಕಂಡೆ’ ಎನ್ನುವುದು ಹೆಚ್ಚಿತ್ತು. ಚುರುಕಾದದ್ದು ನೋಟವಲ್ಲ, ಹೌದು ಎನ್ನುವ ಹೊಸ್ತಿಲು ತಗ್ಗಿತ್ತು. ಮಗಳ ಕರೆಗೆ ಕಾಯುತ್ತಿರುವ ತಾಯಿಗೆ ಸ್ನಾನದ ಮನೆಯಲ್ಲೂ ಫೋನ್ ರಿಂಗಾದಂತೆ ಕೇಳುವುದರಲ್ಲೂ ಹೀಗೆ ಹೊಸ್ತಿಲು ತಗ್ಗಿರುತ್ತದೆ. ಕಿವಿಯ ಶಕ್ತಿಯೇನೂ ಹೆಚ್ಚಿರುವುದಿಲ್ಲ. ಆಕೆ ಸುಳ್ಳೂ ಹೇಳುತ್ತಿಲ್ಲ.

ತಪ್ಪು ಕಲ್ಪನೆ: ಸ್ಕ್ಯಾನಿನಲ್ಲಿ ಬೆಳಗಿದ ಜಾಗವೇ ತೀರ್ಮಾನ ಮಾಡುವ ಜಾಗ.

ಸತ್ಯ: ಜೊತೆಗಿದ್ದದ್ದೆಲ್ಲ ಕಾರಣವಲ್ಲ. ಚುಕ್ಕೆಗಳ ಪ್ರಯೋಗದಲ್ಲೇ, ಎಲ್‌ಐಪಿ ಎಂಬ ಇನ್ನೊಂದು ಪ್ರದೇಶದ ಕೋಶಗಳ ಮಿಡಿತ ಪುರಾವೆ ಕೂಡಿದಂತೆಲ್ಲ ಮೆಲ್ಲನೆ ಏರುತ್ತ ಹೋಗುತ್ತಿತ್ತು. ತೀರ್ಮಾನ ಇಲ್ಲೇ ಆಗುತ್ತಿದೆ ಎಂದು ಹಲವರು ನಂಬಿದ್ದರು. 2016ರಲ್ಲಿ ಟೆಕ್ಸಾಸಿನ ತಂಡವೊಂದು ಔಷಧ ಕೊಟ್ಟು ಆ ಪ್ರದೇಶವನ್ನು ತಾತ್ಕಾಲಿಕವಾಗಿ ನಿಶ್ಚೇಷ್ಟಗೊಳಿಸಿತು. ಕೋತಿಗಳ ತೀರ್ಮಾನ ಅಷ್ಟೇನೂ ಕೆಡಲಿಲ್ಲ! ಎಂಟಿಯನ್ನು ನಿಶ್ಚೇಷ್ಟಗೊಳಿಸಿದಾಗ ಕೆಟ್ಟಿತು.

ತಪ್ಪು ಕಲ್ಪನೆ: ನಾವು ತೀರ್ಮಾನಿಸುವ ಮೊದಲೇ ಮೆದುಳು ತೀರ್ಮಾನಿಸಿರುತ್ತದೆ ಎಂದು ಸಾಬೀತಾಗಿದೆ.

ಸತ್ಯ: ಇದಕ್ಕೆ ಆಧಾರವಾಗಿ ಕೊಡುವುದು ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗವನ್ನು. ಮನಸ್ಸು ಬಂದಾಗ ಮಣಿಕಟ್ಟು ಆಡಿಸಿ ಎಂದರೆ, ಆಡಿಸುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮೆದುಳಿನಲ್ಲಿ ವಿದ್ಯುತ್ ಏರಿಕೆ ಶುರುವಾಗುತ್ತಿತ್ತು. ಆಡಿಸಬೇಕೆಂಬ ಅರಿವು ಬರುತ್ತಿದ್ದದ್ದು ಕೇವಲ 0.2 ಸೆಕೆಂಡ್ ಮೊದಲು. ಆದರೆ 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಬೇರೊಂದು ವಿವರಣೆ ಮುಂದಿಟ್ಟರು. ಮೆದುಳಿನ ಸಹಜ ಏರಿಳಿತ ಆಕಸ್ಮಿಕವಾಗಿ ಹೊಸ್ತಿಲು ದಾಟಿದಾಗ ಕೈ ಆಡುತ್ತದೆ. ಅಂಥ ಕ್ಷಣಗಳನ್ನೇ ಆರಿಸಿ ಸರಾಸರಿ ತೆಗೆದರೆ, ಹಿಂದೆ ಒಂದು ಏರಿಕೆ ಇದ್ದಂತೆ ಕಾಣಲೇಬೇಕು. ಅದು ಮೊದಲೇ ಬರೆದಿಟ್ಟ ತೀರ್ಪಾಗಬೇಕಿಲ್ಲ. ಹಲವು ಸೆಕೆಂಡ್ ಮುಂಚೆಯೇ ಆಯ್ಕೆ ಊಹಿಸಿತೆಂದು ಸುದ್ದಿಯಾದ 2008ರ ಸ್ಕ್ಯಾನ್ ಅಧ್ಯಯನದ ಊಹೆ ಸರಿಯಾದದ್ದು ಸುಮಾರು ಶೇ. 60 ಸಲ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ.

ತಪ್ಪು ಕಲ್ಪನೆ: ಮೆದುಳಿನ ಅಲೆ ನೋಡಿ, ಒಬ್ಬರು ಏನನ್ನು ಕಂಡಿದ್ದಾರೆಂದು ಖಚಿತವಾಗಿ ಹೇಳಬಹುದು.

ಸತ್ಯ: ಮೇಲಿನ ಪ್ರಯೋಗಗಳೆಲ್ಲ ನೂರಾರು ಸಲದ ಸರಾಸರಿಯಿಂದ ಸಂಭವವನ್ನು ಹೇಳುತ್ತವೆ. ಒಬ್ಬ ವ್ಯಕ್ತಿಯ ಒಂದು ಘಟನೆಯ ಬಗ್ಗೆ ಪ್ರಮಾಣ ಮಾಡುವ ಶಕ್ತಿ ಅವಕ್ಕಿಲ್ಲ. ಆದರೂ ನಮ್ಮ ದೇಶದ ಅಪರಾಧ ತನಿಖೆಗಳಲ್ಲಿ ಮಂಪರು ಪರೀಕ್ಷೆಯ ಜೊತೆಗೆ ಮೆದುಳಿನ ಅಲೆ ನೋಡುವ ‘ಬ್ರೇನ್ ಮ್ಯಾಪಿಂಗ್’ ಕೂಡ ನಡೆಯುತ್ತಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರ ಮೇಲೂ ಈ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಬರೀ ಪರೀಕ್ಷೆಯ ಫಲಿತಾಂಶ ಸಾಕ್ಷ್ಯವಾಗುವುದಿಲ್ಲ.