ಸ್ಪರ್ಧಾ ನಿರ್ಬಂಧಕ ಷರತ್ತು (ಭಾರತ)

ಸ್ಪರ್ಧಾ ನಿರ್ಬಂಧಕ ಷರತ್ತು ಎಂಬುದು ಉದ್ಯೋಗ ಅಥವಾ ವ್ಯಾಪಾರದ ಕರಾರಿನಲ್ಲಿ ಒಬ್ಬ ವ್ಯಕ್ತಿಯು ಇನ್ನೊಬ್ಬರಿಗೆ ಪ್ರತಿಸ್ಪರ್ಧಿಯಾಗುವುದನ್ನು ತಡೆಯುವ ಷರತ್ತು. ಇದನ್ನು ನಾನ್-ಕಂಪೀಟ್ ಷರತ್ತು ಎಂದೂ ಕರೆಯುತ್ತಾರೆ. ಭಾರತದಲ್ಲಿ ನೌಕರನು ಕೆಲಸ ಬಿಟ್ಟ ನಂತರದ ಅವಧಿಗೆ ಅನ್ವಯಿಸುವ ಇಂತಹ ಷರತ್ತು, ಆತನು ಸಹಿ ಮಾಡಿದ್ದರೂ, ಸಾಮಾನ್ಯವಾಗಿ ಅನೂರ್ಜಿತವಾಗಿರುತ್ತದೆ.

ಕಾನೂನಿನ ಆಧಾರ

1872ರ ಭಾರತೀಯ ಕರಾರು ಅಧಿನಿಯಮದ 27ನೇ ಪ್ರಕರಣದಂತೆ, ಕಾನೂನುಬದ್ಧ ವೃತ್ತಿ ಅಥವಾ ವ್ಯಾಪಾರವನ್ನು ನಡೆಸದಂತೆ ಯಾರನ್ನಾದರೂ ನಿರ್ಬಂಧಿಸುವ ಒಪ್ಪಂದವು ಅಷ್ಟರಮಟ್ಟಿಗೆ ಅನೂರ್ಜಿತ. ಇಂಗ್ಲೆಂಡಿನಲ್ಲಿ ನಿರ್ಬಂಧವು ನ್ಯಾಯಯುತ ಮಿತಿಯಲ್ಲಿದೆಯೇ ಎಂಬುದನ್ನು ನ್ಯಾಯಾಲಯವು ಪರಿಶೀಲಿಸುತ್ತದೆ. ಭಾರತದ ಕಾನೂನಿನಲ್ಲಿ ಅಂತಹ ಸಾಮಾನ್ಯ ಸಡಿಲಿಕೆ ಇಲ್ಲ. ಕಲ್ಕತ್ತದಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯು ಹಣದ ಭರವಸೆ ಪಡೆದು ತನ್ನ ಅಂಗಡಿಯನ್ನು ಮುಚ್ಚಿದನು. ಪ್ರತಿಸ್ಪರ್ಧಿಯು ಹಣ ಕೊಡದಿದ್ದಾಗ ದಾವೆ ಹೂಡಿದನು. 1874ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು, ನಿರ್ಬಂಧವು ಒಂದೇ ಪ್ರದೇಶಕ್ಕೆ ಸೀಮಿತವಾಗಿದ್ದರೂ ಒಪ್ಪಂದವು ಅನೂರ್ಜಿತವೆಂದು ತೀರ್ಮಾನಿಸಿತು.

ಸೇವಾವಧಿ ಮತ್ತು ಅದರ ನಂತರ

ಸೇವಾವಧಿಯ ನಿರ್ಬಂಧದ ಸ್ಥಿತಿ ಬೇರೆ. 1967ರ ನಿರಂಜನ್ ಶಂಕರ್ ಗೋಲಿಕಾರಿ ಪ್ರಕರಣದಲ್ಲಿ ಐದು ವರ್ಷಗಳ ಕರಾರಿಗೆ ಒಪ್ಪಿದ್ದ ನೌಕರನು ಅವಧಿಗೆ ಮೊದಲೇ ಪ್ರತಿಸ್ಪರ್ಧಿ ಸಂಸ್ಥೆಯನ್ನು ಸೇರಿದ್ದನು. ಕರಾರಿನ ಉಳಿದ ಅವಧಿಗೆ ಆತನ ಮೇಲೆ ಹೇರಿದ್ದ ತಡೆಯಾಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರ ಪ್ರಕರಣದಲ್ಲಿ, ಕರಾರು ಮುಗಿದ ಮೇಲೂ ಮುಂದುವರಿಯುವ ನಿರ್ಬಂಧವನ್ನು ಅದೇ ನ್ಯಾಯಾಲಯವು ಒಪ್ಪಲಿಲ್ಲ.

ವಿನಾಯಿತಿಗಳು

ವ್ಯಾಪಾರದ ಗುಡ್‌ವಿಲ್ ಮಾರಿದವನು, ಕೊಂಡವನು ಆ ವ್ಯಾಪಾರವನ್ನು ನಡೆಸುತ್ತಿರುವವರೆಗೆ, ನಿರ್ದಿಷ್ಟ ಸ್ಥಳೀಯ ಮಿತಿಯೊಳಗೆ ಅದೇ ಬಗೆಯ ವ್ಯಾಪಾರವನ್ನು ಮಾಡುವುದಿಲ್ಲವೆಂದು ಒಪ್ಪಿಕೊಳ್ಳಬಹುದು. ಆ ಮಿತಿಯು ನ್ಯಾಯಾಲಯಕ್ಕೆ ಯುಕ್ತವೆನಿಸಬೇಕು. 1932ರ ಪಾಲುದಾರಿಕೆ ಅಧಿನಿಯಮವೂ ಪಾಲುದಾರರ ನಡುವೆ ಕೆಲವು ನಿರ್ಬಂಧಗಳಿಗೆ ಅವಕಾಶ ನೀಡುತ್ತದೆ.

ಸೇವಾ ಬಾಂಡ್

ನಿಗದಿತ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಹಣ ತೆರಬೇಕೆಂಬ ಬಾಂಡ್ ಸ್ಪರ್ಧಾ ನಿರ್ಬಂಧವಲ್ಲ. ಮೂರು ವರ್ಷ ಪೂರೈಸದವರು ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ತಳ್ಳಿಹಾಕಿತ್ತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿ ಷರತ್ತನ್ನು ಊರ್ಜಿತಗೊಳಿಸಿತು. ಹಾಗೆಯೇ, ಹಳೆಯ ಸಂಸ್ಥೆಯ ವ್ಯಾಪಾರ ರಹಸ್ಯಗಳನ್ನು ಬಳಸಕೂಡದೆಂಬ ಬಾಧ್ಯತೆಯು ಕೆಲಸ ಬಿಟ್ಟ ಮೇಲೂ ಉಳಿಯಬಹುದು. ಆದ್ದರಿಂದ ನೇಮಕಾತಿ ಪತ್ರದ ಯಾವ ಷರತ್ತು ಯಾವ ಬಗೆಯದೆಂಬುದನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ.