ಹಲ್ಲು ಕೀಳದೆ ಜಾಗ ಹೊಂದಿಸುವ ಬಗೆ

ಕಾಫಿ ಸೀಮೆಯ ಮಕ್ಕಳಿಗೆ ಕಸಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೊಯ್ಲು ಮುಗಿದ ಮೇಲೆ ಗಿಡದ ಒಣಗಿದ, ಅಡ್ಡಾದಿಡ್ಡಿ ಬೆಳೆದ ರೆಂಬೆಗಳನ್ನು ಕತ್ತರಿಸಿ ಗಾಳಿ ಬೆಳಕಿಗೆ ದಾರಿ ಮಾಡಿಕೊಡುವ ಕೆಲಸ ಅದು. ಹಲ್ಲುಗಳನ್ನು ಸಾಲಿಗೆ ತರುವ ಚಿಕಿತ್ಸೆಯಲ್ಲೂ ಇದನ್ನೇ ಹೋಲುವ ಒಂದು ಕ್ರಮವಿದೆ. ಅಕ್ಕಪಕ್ಕದ ಹಲ್ಲುಗಳು ಒಂದಕ್ಕೊಂದು ತಾಗುವ ಕಡೆ ಕೂದಲೆಳೆಯಷ್ಟು ಸವರಿ ಜಾಗ ಮಾಡುವುದು. ಒಂದೇ ಒಂದು ದೊಡ್ಡ ವ್ಯತ್ಯಾಸ: ಕಸಿ ಮಾಡಿದ ಗಿಡ ಮಳೆ ಬಿದ್ದೊಡನೆ ಚಿಗುರುತ್ತದೆ, ಸವರಿದ ಹಲ್ಲು ಎಂದೆಂದಿಗೂ ಚಿಗುರುವುದಿಲ್ಲ. ಆದ್ದರಿಂದಲೇ ಈ ಚಿಕಿತ್ಸೆಗೆ ಒಪ್ಪುವ ಮುನ್ನ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಜಾಗ ಎಲ್ಲಿಂದ ಬರಬೇಕು?

ಹಲ್ಲುಗಳ ಒಟ್ಟು ಅಗಲ ಹೆಚ್ಚು, ದವಡೆಯಲ್ಲಿರುವ ಜಾಗ ಕಡಿಮೆ ಎಂದಾದಾಗ ಹಲ್ಲುಗಳು ಒಂದರ ಮೇಲೊಂದು ಏರುತ್ತವೆ, ಓರೆಯಾಗುತ್ತವೆ. ಬೆಳೆಯುವ ಮಕ್ಕಳಲ್ಲಿ ಅಂಗುಳನ್ನು ಸಾಧನದಿಂದ ನಿಧಾನವಾಗಿ ಅಗಲಿಸಬಹುದು. ಅಂಗುಳಿನ ನಡುವಿನ ಬೆಸುಗೆ ಆಗಿನ್ನೂ ಗಟ್ಟಿಯಾಗಿರುವುದಿಲ್ಲ. ಹದಿನೆಂಟು, ಇಪ್ಪತ್ತು ದಾಟಿದವರಲ್ಲಿ ಆ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಹಾಗೆಂದು ವಯಸ್ಕರ ಹಲ್ಲು ಕದಲುವುದೇ ಇಲ್ಲವೆಂದಲ್ಲ. ಹಲ್ಲಿನ ಸುತ್ತಲಿನ ಮೂಳೆ ಒಂದು ಕಡೆ ಕರಗಿ ಇನ್ನೊಂದು ಕಡೆ ಹೊಸದಾಗಿ ಕಟ್ಟಿಕೊಳ್ಳುವ ಗುಣವನ್ನು ಯಾವ ವಯಸ್ಸಿನಲ್ಲೂ ಕಳೆದುಕೊಳ್ಳುವುದಿಲ್ಲ. ಹಲ್ಲನ್ನು ಸರಿಸಬಹುದು, ಸರಿಸಲು ಜಾಗ ಬೇಕು, ಅಷ್ಟೆ.

ಬಹುಕಾಲದಿಂದ ಬಂದಿರುವ ಉಪಾಯ ಹಲ್ಲು ಕೀಳುವುದು. ಕೋರೆಹಲ್ಲಿನ ಹಿಂದಿರುವ ಒಂದು ಮುಂದವಡೆ ಹಲ್ಲನ್ನು ಕಿತ್ತರೆ ಸುಮಾರು 7 ಮಿಲಿಮೀಟರ್ ಜಾಗ ಸಿಗುತ್ತದೆ. ಎರಡು ಬದಿಗೂ ಸೇರಿ 14. ಹಲ್ಲುಗಳು ತೀರ ಒತ್ತೊತ್ತಾಗಿದ್ದರೆ, ಇಲ್ಲವೇ ಮುಂದಕ್ಕೆ ಚಾಚಿದ್ದರೆ ಇದೇ ಸರಿಯಾದ ಮಾರ್ಗ. ಆದರೆ ಬೇಕಾಗಿರುವುದು ಮೂರು ನಾಲ್ಕು ಮಿಲಿಮೀಟರ್ ಮಾತ್ರ ಎಂದಾದರೆ ಗಟ್ಟಿಮುಟ್ಟಾದ ಎರಡು ಹಲ್ಲು ಕಳೆದುಕೊಳ್ಳುವುದೇಕೆ? ಇಲ್ಲಿ ಸವರುವ ಕ್ರಮ ನೆರವಿಗೆ ಬರುತ್ತದೆ. ದಂತವೈದ್ಯರ ಭಾಷೆಯಲ್ಲಿ ಇದು ಇಂಟರ್‌ಪ್ರಾಕ್ಸಿಮಲ್ ರಿಡಕ್ಷನ್, ಚಿಕ್ಕದಾಗಿ ಐಪಿಆರ್.

ಅರ್ಧ ಮಿಲಿಮೀಟರಿನ ಲೆಕ್ಕ

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಹಾಗಾಗಿ ಸವರುವಾಗ ಸಾಮಾನ್ಯವಾಗಿ ಚುಚ್ಚುಮದ್ದು ಬೇಕಾಗುವುದಿಲ್ಲ. ಕರಕರ ಸದ್ದು, ಸ್ವಲ್ಪ ಒತ್ತಡ ಮಾತ್ರ ಅನುಭವಕ್ಕೆ ಬರುತ್ತದೆ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಹೋದದ್ದನ್ನು ಮತ್ತೆ ಕಟ್ಟುವವರಿಲ್ಲ.

ಕೆಳಗಿನ ಬಾಚಿಹಲ್ಲುಗಳ ಪಕ್ಕದಲ್ಲಿ ಈ ಕವಚ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ಹಿಂದಿನ ಹಲ್ಲುಗಳಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಕವಚ ತೆಗೆಯಬಾರದೆಂಬುದು ವೈದ್ಯರು ಹಾಕಿಕೊಂಡಿರುವ ಮಿತಿ. ಅದರಂತೆ ಮುಂದಿನ ಹಲ್ಲಿನ ಒಂದು ಪಕ್ಕದಿಂದ ಕಾಲು ಮಿಲಿಮೀಟರ್, ಅಂದರೆ ಸಾಧಾರಣ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ತೆಗೆಯುತ್ತಾರೆ. ಎರಡು ಹಲ್ಲು ತಾಗುವ ಒಂದೊಂದು ಸಂದಿಯಲ್ಲಿ ಅರ್ಧ ಮಿಲಿಮೀಟರ್ ಸಿಕ್ಕಿತು. ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಆರು ಹಲ್ಲು, ಐದು ಸಂದಿ. ಒಟ್ಟು ಎರಡೂವರೆ ಮಿಲಿಮೀಟರ್. ಹನಿಗೂಡಿದರೆ ಹಳ್ಳ ಎಂಬ ಮಾತು ಬಾಯೊಳಗೂ ನಿಜ.

ಸವರುವುದಕ್ಕೆ ಉಜ್ಜುಪಟ್ಟಿ, ತೆಳುವಾದ ವಜ್ರಲೇಪಿತ ಚಕ್ರ ಅಥವಾ ಸಣ್ಣ ಬರ್ ಬಳಸುತ್ತಾರೆ. ಬಿಸಿಯಾಗದಂತೆ ನೀರು ಬಿಡುತ್ತಾರೆ. ತೆಳು ತಗಡಿನ ಅಳತೆಪಟ್ಟಿಯನ್ನು ಸಂದಿಗೆ ತೂರಿಸಿ ಎಷ್ಟು ತೆಗೆದದ್ದಾಯಿತೆಂದು ನೋಡುತ್ತಾರೆ. ಕೊನೆಗೆ ನುಣುಪು ಮಾಡಿ ಫ್ಲೋರೈಡ್ ಹಚ್ಚುತ್ತಾರೆ. ಎಲ್ಲವನ್ನೂ ಒಂದೇ ದಿನ ಮಾಡಬೇಕೆಂದಿಲ್ಲ. ಹಲ್ಲುಗಳು ಸರಿದಂತೆ ಎರಡು ಮೂರು ಸಲವಾಗಿ ಮಾಡುವುದುಂಟು.

ಈ ಪದ್ಧತಿ ಹೊಸದಲ್ಲ. 1944ರಲ್ಲೇ ಬ್ಯಾಲರ್ಡ್ ಎಂಬವರು ಮುಂಭಾಗದ ಹಲ್ಲುಗಳನ್ನು ಹೀಗೆ ಸವರುವ ಸಲಹೆ ಮಾಡಿದ್ದರು. ಆಸ್ಟ್ರೇಲಿಯಾದ ಬೆಗ್ 1954ರಲ್ಲಿ ಅಲ್ಲಿನ ಮೂಲನಿವಾಸಿಗಳ ಹಲ್ಲುಗಳನ್ನು ಕುರಿತು ಬರೆದರು. ಒರಟು ಆಹಾರ ಅಗಿದು ಅಗಿದು ಅವರ ಹಲ್ಲುಗಳ ಪಕ್ಕಗಳು ತಾವಾಗಿಯೇ ಸವೆಯುತ್ತಿದ್ದವು, ಮೆದು ಆಹಾರದ ನಮಗೆ ಆ ಸವೆತವಿಲ್ಲ ಎಂಬುದು ಅವರ ವಾದ. ಹಲ್ಲುಗಳು ಒತ್ತೊತ್ತಾಗಲು ಅದೊಂದೇ ಕಾರಣವೆಂದು ಎಲ್ಲರೂ ಒಪ್ಪಲಿಲ್ಲ. 1985ರಲ್ಲಿ ಅಮೆರಿಕದ ಶೆರಿಡನ್, ಹಿಂದಿನ ಹಲ್ಲುಗಳಲ್ಲೂ ಯಂತ್ರದಿಂದ ಸವರುವ ಕ್ರಮವನ್ನು ವಿವರಿಸಿದ ಮೇಲೆ ಇದರ ಬಳಕೆ ಹೆಚ್ಚಿತು. ತಂತಿಯ ಕ್ಲಿಪ್ಪಿನ ಬದಲು ಪಾರದರ್ಶಕ ಅಲೈನರ್ ಬಂದ ಮೇಲಂತೂ ಇದು ದಿನನಿತ್ಯದ ಮಾತಾಗಿದೆ.

ಹುಳುಕಾಗುವುದಿಲ್ಲವೇ?

ಹೆತ್ತವರು ಮೊದಲು ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. ನಾರ್ವೆಯ ಜಾಕ್ರಿಸನ್ ಮತ್ತು ಸಂಗಡಿಗರು, ಕೆಳಗಿನ ಮುಂಭಾಗದ ಹಲ್ಲು ಸವರಿಸಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದವರನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಸವರಿದ್ದರಿಂದ ಹುಳುಕಾಗಲಿ ಒಸಡಿನ ರೋಗವಾಗಲಿ ಹೆಚ್ಚಿದ್ದು ಅವರಿಗೆ ಕಾಣಲಿಲ್ಲ. ಆದರೆ ಒಂದು ಷರತ್ತು ಮರೆಯಬಾರದು. ಮಿತಿಯಲ್ಲಿ ಸವರಿ, ಚೆನ್ನಾಗಿ ನುಣುಪು ಮಾಡಿ, ಆಮೇಲೆ ಬಾಯಿಯನ್ನು ಶುಚಿಯಾಗಿಟ್ಟುಕೊಂಡರೆ ಮಾತ್ರ ಈ ಮಾತು ಸಲ್ಲುತ್ತದೆ. ಮಲೆನಾಡಿನ ಬೆಲ್ಲದ ಕಾಫಿಯನ್ನು ದಿನಕ್ಕೆ ಐದಾರು ಸಲ ಗುಟುಕರಿಸುವ ಅಭ್ಯಾಸವಿದ್ದರೆ, ಪ್ರತಿಸಲವೂ ಬಾಯಿಯ ಬ್ಯಾಕ್ಟೀರಿಯಾ ಆ ಸಿಹಿಯನ್ನು ಆಮ್ಲವಾಗಿಸುತ್ತದೆ. ಚಿಕಿತ್ಸೆಯ ಅವಧಿಯಲ್ಲಾದರೂ ಸಲ ಕಡಿಮೆ ಮಾಡಿ, ಕುಡಿದ ಮೇಲೆ ಬಾಯಿ ಮುಕ್ಕಳಿಸುವುದು ಲೇಸು.

ಈ ಚಿಕಿತ್ಸೆ ಎಲ್ಲರಿಗೂ ಒಗ್ಗುವುದಿಲ್ಲ. ಹುಳುಕಲು ಹಲ್ಲುಗಳಿರುವವರು, ಒಸಡಿನಲ್ಲಿ ರಕ್ತ ಬರುವವರು ಮೊದಲು ಅದಕ್ಕೆ ಔಷಧಿ ಮಾಡಿಸಿಕೊಳ್ಳಬೇಕು. ಅಡಿಕೆ, ಗುಟ್ಕಾ ಅಗಿಯುವವರ ಒಸಡನ್ನು ವಿಶೇಷವಾಗಿ ಪರೀಕ್ಷಿಸಬೇಕು. ಹಲ್ಲೇ ಸಣ್ಣದಾಗಿದ್ದು ಕವಚ ತೆಳುವಾಗಿದ್ದರೆ ಸವರಬಾರದು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅಳತೆಯ ಹೊಂದಾಣಿಕೆ ಇರಬೇಕು. 1958ರಲ್ಲಿ ಬೋಲ್ಟನ್ ಕೊಟ್ಟ ಲೆಕ್ಕದಿಂದ ವೈದ್ಯರು ಇದನ್ನು ನೋಡುತ್ತಾರೆ. ಒಂದೇ ಸಾಲನ್ನು ಕಣ್ಣಂದಾಜಿನಲ್ಲಿ ಸವರಿದರೆ ಕಚ್ಚುವಿಕೆ ಕೆಡಬಹುದು.

ಘಟ್ಟದ ದಾರಿ, ಚೀಟಿಯ ಲೆಕ್ಕ

ಗುಡ್ಡನಾಡಿನ ವಿದ್ಯಾರ್ಥಿಗಳಿಗೆ ಇನ್ನೂ ಒಂದು ಕಷ್ಟವಿದೆ. ಕ್ಲಿಪ್ ಹಾಕಿಸಿದವರು ನಾಲ್ಕರಿಂದ ಆರು ವಾರಕ್ಕೊಮ್ಮೆ ವೈದ್ಯರಲ್ಲಿಗೆ ಹೋಗಬೇಕು. ದಂತ ಕಾಲೇಜಿನ ಚಿಕಿತ್ಸೆ ಬೇಕೆಂದರೆ ಚಿಕ್ಕಮಗಳೂರಿನವರು ಹಾಸನಕ್ಕೆ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ, ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೆ ಹೋಗಬಹುದು. ಮಳೆಗಾಲದಲ್ಲಿ ಈ ದಾರಿಗಳ ಭರವಸೆಯಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯಲ್ಲಿ ವಾಹನ ಸಂಚಾರ ನಿಂತದ್ದನ್ನು ಯಾರೂ ಮರೆತಿಲ್ಲ. ಹಾಗಾಗಿ ಸವರುವಂಥ ಮುಖ್ಯ ಕೆಲಸಗಳು ಯಾವ ತಿಂಗಳಲ್ಲಿ ಬರುತ್ತವೆಂದು ಆರಂಭದಲ್ಲೇ ಕೇಳಿ, ಪರೀಕ್ಷೆಯ ದಿನಗಳನ್ನೂ ಮಳೆಯನ್ನೂ ನೋಡಿಕೊಂಡು ದಿನ ಗೊತ್ತುಮಾಡಿಕೊಳ್ಳುವುದು ಜಾಣತನ.

ಇದಕ್ಕಿಂತ ದೊಡ್ಡದು ದಾಖಲೆಯ ಪ್ರಶ್ನೆ. ಮೂಡಿಗೆರೆಯ ಹುಡುಗಿಯೊಬ್ಬಳು ಮಂಗಳೂರಿನಲ್ಲಿ ಪದವಿ ಓದುತ್ತ ಚಿಕಿತ್ಸೆ ಆರಂಭಿಸಿದಳೆಂದಿಟ್ಟುಕೊಳ್ಳಿ. ನಡುವೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಅಲ್ಲಿನ ವೈದ್ಯರಿಗೆ ಇನ್ನೂ ಸ್ವಲ್ಪ ಜಾಗ ಬೇಕೆನಿಸಿತು. ಯಾವ ಸಂದಿಯಲ್ಲಿ ಎಷ್ಟು ತೆಗೆದಾಗಿದೆ ಎಂದು ಅವರಿಗೆ ತಿಳಿಯುವುದು ಹೇಗೆ? ಕಣ್ಣಿಗೆ ಅದು ಕಾಣುವುದಿಲ್ಲ. ಎಕ್ಸ್‌ರೇಯಿಂದಲೂ ಅಂದಾಜು ಸಿಗುತ್ತದೆಯೇ ಹೊರತು ಕರಾರುವಾಕ್ಕಾದ ಲೆಕ್ಕ ಸಿಗುವುದಿಲ್ಲ. ಲೆಕ್ಕವಿಲ್ಲದೆ ಎರಡನೆಯ ಸಲ ಸವರಿದರೆ ಮಿತಿ ಮೀರಿ ಹಲ್ಲು ಜುಮ್ಮೆನ್ನತೊಡಗಬಹುದು. ತೋಟದಲ್ಲಿ ಆಳಿನ ಹಾಜರಿ ದಿನದಿನವೂ ಪುಸ್ತಕಕ್ಕೆ ಏರುವಂತೆ, ಪ್ರತಿ ಸಂದಿಯಲ್ಲಿ ಯಾವ ದಿನ ಎಷ್ಟು ಸವರಿತೆಂಬುದು ಚೀಟಿಗೆ ಏರಬೇಕು. ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು.

ಒಪ್ಪಿಗೆ ಕೊಡುವ ಮುನ್ನ ಇಷ್ಟನ್ನು ಕೇಳಿ: ನನಗೆ ಒಟ್ಟು ಎಷ್ಟು ಮಿಲಿಮೀಟರ್ ಜಾಗ ಬೇಕು? ಸವರದೆ ಬೇರೆ ದಾರಿ ಇದೆಯೇ? ಯಾವ ಯಾವ ಸಂದಿಯಲ್ಲಿ, ಎಷ್ಟು, ಎಷ್ಟು ಸಲ? ಚಿಕಿತ್ಸೆ ಮುಗಿದ ಮೇಲೆ ಹಲ್ಲು ಹಿಂದಿನ ಜಾಗಕ್ಕೆ ಮರಳದಂತೆ ರಿಟೇನರ್ ಎಷ್ಟು ಕಾಲ ಹಾಕಿಕೊಳ್ಳಬೇಕು? ಈ ಪ್ರಶ್ನೆಗಳಿಗೆ ಬಿಡುವು ಮಾಡಿಕೊಂಡು ಉತ್ತರಿಸುವ ಆರ್ಥೊಡಾಂಟಿಸ್ಟ್ ಸಿಕ್ಕರೆ ಅರ್ಧ ಮಿಲಿಮೀಟರಿಗೆ ಹೆದರಬೇಕಾಗಿಲ್ಲ. ಉತ್ತರ ಸಿಗದಿದ್ದರೆ ಅವಸರವೇನೂ ಇಲ್ಲ. ವಕ್ರವಾದ ಹಲ್ಲು ಇನ್ನೊಂದು ತಿಂಗಳು ಕಾಯುತ್ತದೆ. ಸವರಿಹೋದ ಕವಚ ಮಾತ್ರ ಮರಳಿ ಬಾರದು.