ವಯಸ್ಸಾದ ಕಾರುಗಳಿಗಷ್ಟೇ ಪ್ರವೇಶ

ಮೂವತ್ತು ವರ್ಷ ದುಡಿದ ಕಾರಿನ ಮುಂದೆ ಸಾಮಾನ್ಯವಾಗಿ ಉಳಿಯುವುದು ಎರಡೇ ದಾರಿ: ಗುಜರಿ ಅಂಗಡಿ, ಇಲ್ಲವೇ ಉಳ್ಳವರ ಶೆಡ್ಡು. ಆಸ್ಟ್ರೇಲಿಯಾದಲ್ಲಿ ಮೂರನೆಯ ದಾರಿಯೊಂದಿದೆ. ಡಾಂಬರು ಕಾಣದ, ಮೈಲುಗಟ್ಟಲೆ ಮನುಷ್ಯರ ಸುಳಿವಿಲ್ಲದ, ಕೆಂಪು ಧೂಳಿನ ದಾರಿ ಅದು. ಪ್ರತಿ ವರ್ಷ ಆ ದಾರಿಯಲ್ಲಿ ಹಳೆಯ ಕಾರುಗಳ ದಂಡು ಹೊರಡುತ್ತದೆ. ‘ವೆರೈಟಿ ಬ್ಯಾಶ್’ ಎಂಬ ಈ ಸಹಾಯಾರ್ಥ ಯಾತ್ರೆಯಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ಸಾಮಾನ್ಯವಾಗಿ ಕಾರಿಗೆ ಕನಿಷ್ಠ 30 ವರ್ಷ ಆಗಿರಬೇಕು. ಹೊರಡುವ ಮೊದಲೇ ಪ್ರತಿ ತಂಡವೂ ಮಕ್ಕಳ ನಿಧಿಗೆ ನಿಗದಿತ ಮೊತ್ತವನ್ನು ಸಂಗ್ರಹಿಸಿಕೊಡಬೇಕು. ನಾಲ್ಕೂ ಚಕ್ರಕ್ಕೆ ಬಲವಿರುವ ಗಟ್ಟಿ ವಾಹನಗಳು ಬರುವುದು ಬೆಂಗಾವಲಿಗೆ. ಯಾತ್ರಿಕರ ಪಾಲಿಗೆ ಇರುವುದು ಅಜ್ಜನ ಕಾಲದ ಸಂಸಾರದ ಕಾರು.

ಇದರ ಬೇರು ಹುಡುಕಿದರೆ ಆಸ್ಟ್ರೇಲಿಯಾದಿಂದ ಬಹು ದೂರ, ಅಮೆರಿಕದ ಪಿಟ್ಸ್‌ಬರ್ಗ್ ನಗರದ ಚಿತ್ರಮಂದಿರವೊಂದಕ್ಕೆ ಹೋಗಬೇಕಾಗುತ್ತದೆ. ಅಲ್ಲಿ 1927ರಲ್ಲಿ ರಂಗಭೂಮಿ, ಸಿನಿಮಾ ಉದ್ಯಮದ ಹನ್ನೊಂದು ಗೆಳೆಯರು ಕೂಡಿ ‘ವೆರೈಟಿ’ ಎಂಬ ಕ್ಲಬ್ಬು ಕಟ್ಟಿಕೊಂಡಿದ್ದರು. ಮರುವರ್ಷದ ಕ್ರಿಸ್‌ಮಸ್ ಹಿಂದಿನ ರಾತ್ರಿ ಶೆರಿಡನ್ ಸ್ಕ್ವೇರ್ ಚಿತ್ರಮಂದಿರದ ಸೀಟಿನಲ್ಲಿ ಒಂದು ತಿಂಗಳ ಹೆಣ್ಣುಕೂಸು ಸಿಕ್ಕಿತು. ಸಾಕಲಾಗದ ತಾಯಿ ಚೀಟಿ ಬರೆದಿಟ್ಟು ಹೋಗಿದ್ದಳು. ತಂದೆತಾಯಿಯ ಪತ್ತೆಯಾಗಲಿಲ್ಲ. ಗೆಳೆಯರು ತಾವೇ ಮಗುವಿನ ಖರ್ಚು ಹೊತ್ತರು. ಕ್ಲಬ್ಬಿನ ಹೆಸರನ್ನೂ ಚಿತ್ರಮಂದಿರದ ಹೆಸರನ್ನೂ ಸೇರಿಸಿ ಕ್ಯಾಥರಿನ್ ವೆರೈಟಿ ಶೆರಿಡನ್ ಎಂದು ಹೆಸರಿಟ್ಟರು. ಸುದ್ದಿ ಹಬ್ಬಿದಂತೆ ಬಟ್ಟೆಬರೆ, ಉಡುಗೊರೆ ಒಂದು ಮಗುವಿಗೆ ಮಿಕ್ಕುವಷ್ಟು ಬಂದವು. ಉಳಿದದ್ದನ್ನು ಬೇರೆ ಮಕ್ಕಳಿಗೆ ಹಂಚಿದರು. ಹಾಗೆ ಹರಟೆಯ ಕ್ಲಬ್ಬು ಮಕ್ಕಳ ಸೇವೆಯ ಸಂಸ್ಥೆಯಾಯಿತು. ಕ್ಯಾಥರಿನ್ ಐದು ವರ್ಷದವಳಾಗಿದ್ದಾಗ ಒಂದು ಕುಟುಂಬ ಅವಳನ್ನು ದತ್ತು ತೆಗೆದುಕೊಂಡಿತು. ಅವಳಿಂದ ಶುರುವಾದ ಕೆಲಸ ಮಾತ್ರ ನಿಲ್ಲದೆ ದೇಶದೇಶಕ್ಕೆ ಹರಡಿ, 1975ರಲ್ಲಿ ಆಸ್ಟ್ರೇಲಿಯಾ ತಲುಪಿತು.

ಅಷ್ಟು ಹೊತ್ತಿಗೆ ಆಸ್ಟ್ರೇಲಿಯಾಕ್ಕೆ ತನ್ನದೇ ಒಂದು ಕಾರಿನ ಹುಚ್ಚು ಹಿಡಿದು ಬಿಟ್ಟಿತ್ತು. 1953ರಲ್ಲಿ ‘ರೆಡೆಕ್ಸ್’ ಎಂಬ ಇಂಧನ ಸೇರ್ಪಡೆಯ ಕಂಪನಿ ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಸ್ಪರ್ಧೆಯೊಂದನ್ನು ಪ್ರಾಯೋಜಿಸಿತು. ಸಿಡ್ನಿಯಿಂದ ಹೊರಟು ಉತ್ತರದ ಡಾರ್ವಿನ್‌ವರೆಗೆ ಹೋಗಿ, ನಡುನಾಡಿನ ಆಲಿಸ್ ಸ್ಪ್ರಿಂಗ್ಸ್ ಹಾದು, ಅಡಿಲೇಡ್ ಮೆಲ್ಬರ್ನ್ ಮುಟ್ಟಿ ಮತ್ತೆ ಸಿಡ್ನಿಗೆ. ಓಡಿಸಬೇಕಾದದ್ದು ಅಂಗಡಿಯಲ್ಲಿ ಕೊಂಡ ಮಾಮೂಲಿ ಕಾರು. ಆ ವರ್ಷ ಕೆನ್ ಟಬ್‌ಮನ್ ಪ್ಯೂಜೊ 203ರಲ್ಲಿ ಗೆದ್ದರು. ಮರುವರ್ಷ ಗೆದ್ದ ಜ್ಯಾಕ್ ಮರೆ ತಂದದ್ದು 1948ರ ಫೋರ್ಡ್. ದಾರಿಯುದ್ದಕ್ಕೂ ಜೆಲಿಗ್ನೈಟ್ ಸಿಡಿಸುತ್ತಿದ್ದುದರಿಂದ ‘ಜೆಲಿಗ್ನೈಟ್ ಜ್ಯಾಕ್’ ಎಂದೇ ಜನ ಕರೆದರು. ಪಕ್ಕದ ಮನೆಯವರ ಬಳಿ ಇರುವಂಥದೇ ಕಾರು ಮರಳುಗಾಡು ದಾಟಿ ಬಂದುದನ್ನು ಜನ ಬೀದಿ ಬದಿಯಲ್ಲಿ ನಿಂತು ಕಣ್ಣಾರೆ ಕಂಡರು. ಒಂದಿಡೀ ಪೀಳಿಗೆಯ ಹುಡುಗರ ತಲೆಯಲ್ಲಿ ಅದು ಕುಳಿತುಬಿಟ್ಟಿತು.

ಈ ಎರಡು ಎಳೆಗಳನ್ನು ಗಂಟು ಹಾಕಿದವರು ಡಿಕ್ ಸ್ಮಿತ್. 1968ರಲ್ಲಿ ಸಿಡ್ನಿಯಲ್ಲಿ ಸಣ್ಣದಾಗಿ ಎಲೆಕ್ಟ್ರಾನಿಕ್ಸ್ ಅಂಗಡಿ ತೆರೆದು ದೇಶವೆಲ್ಲ ಹೆಸರಾದವರು. 1982-83ರಲ್ಲಿ ಹೆಲಿಕಾಪ್ಟರಿನಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದ ಸಾಹಸಿ. 1985ರಲ್ಲಿ ಅವರು ಹಳೆಯ ಕಾರುಗಳ ತಂಡವೊಂದನ್ನು ಕಟ್ಟಿ, ನ್ಯೂ ಸೌತ್ ವೇಲ್ಸ್‌ನ ಒಳನಾಡಿನ ಬರ್ಕ್ ಪಟ್ಟಣದಿಂದ ಉತ್ತರದ ಕಡಲಿನ ಹತ್ತಿರದ ಬರ್ಕ್‌ಟೌನ್‌ಗೆ ಕರೆದೊಯ್ದರು. ಬಂದ ದೇಣಿಗೆ ವೆರೈಟಿಯ ಮೂಲಕ ಮಕ್ಕಳಿಗೆ ಹೋಯಿತು. ಅದೇ ಮೊದಲ ಬ್ಯಾಶ್. ಈಗ ರಾಜ್ಯಕ್ಕೊಂದರಂತೆ ಬ್ಯಾಶ್‌ಗಳಿವೆ, ದಾರಿ ವರ್ಷವರ್ಷವೂ ಬದಲಾಗುತ್ತದೆ. ಸ್ಮಿತ್ ಮಾಡಿದ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಹಣವಂತರ ದೇಣಿಗೆಯಲ್ಲ. ಹಳೆಯದೆಂದು ಬದಿಗಿಟ್ಟ ಕಾರಿಗೆ ಅದರ ಮುಪ್ಪನ್ನೇ ಅರ್ಹತೆಯಾಗಿಸಿದ್ದು.

ಈ ದಂಡಿನಲ್ಲಿ ಕಾಣುವ ಕಾರುಗಳಲ್ಲಿ ಹೋಲ್ಡನ್‌ಗೆ ವಿಶೇಷ ಸ್ಥಾನ. ನಮಗೆ ಅಂಬಾಸಡರ್ ಹೇಗೋ ಅವರಿಗೆ ಹೋಲ್ಡನ್ ಹಾಗೆ. 1856ರಲ್ಲಿ ಅಡಿಲೇಡ್‌ನಲ್ಲಿ ಕುದುರೆ ಜೀನು ಮಾಡುವ ಅಂಗಡಿಯಾಗಿ ಹುಟ್ಟಿದ ಸಂಸ್ಥೆಯದು. ಅದನ್ನು ಜನರಲ್ ಮೋಟಾರ್ಸ್ 1931ರಲ್ಲಿ ಕೊಂಡುಕೊಂಡಿತು. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಬಿಡುಗಡೆ ಮಾಡಿದಾಗ ಅದರ ಬೆಲೆ 733 ಪೌಂಡ್. 2.15 ಲೀಟರಿನ ಆರು ಸಿಲಿಂಡರ್ ಎಂಜಿನ್, ಮೂರು ಗೇರು, ಮನೆಮಂದಿಯೆಲ್ಲ ಕೂರುವಷ್ಟು ಜಾಗ. 1963ರಲ್ಲಿ ಬಂದ ‘ಇಎಚ್’ ಮಾದರಿಯಂತೂ ಎರಡು ವರ್ಷವೂ ತುಂಬದೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಇಂಥ ಇಎಚ್ ಒಂದರ ಬದುಕನ್ನು ಊಹಿಸಿಕೊಳ್ಳಿ. ಹೊಸದಾಗಿದ್ದಾಗ ಯಾರದೋ ಸಂಸಾರವನ್ನು ಸಮುದ್ರ ತೀರಕ್ಕೆ ಕರೆದೊಯ್ದಿರುತ್ತದೆ, ಆಮೇಲೆ ಮಗನ ಕೈಗೆ ಬಂದಿರುತ್ತದೆ, ಕೊನೆಗೆ ಹೊಲದ ಮೂಲೆ ಸೇರಿರುತ್ತದೆ. ಅದನ್ನು ಬ್ಯಾಶ್‌ಗೆ ಸಜ್ಜು ಮಾಡುವುದು ಬಣ್ಣ ಬಳಿದಷ್ಟು ಸುಲಭವಲ್ಲ. ಮಣ್ಣಿನ ದಾರಿಯಲ್ಲಿ ಚಕ್ರಗಳು ಕುಣಿದು ಕುಣಿದು ಸಾಲುಸಾಲು ಅಲೆಗಳಂಥ ಉಬ್ಬು ಏಳುತ್ತದೆ. ನೂರಾರು ಕಿಲೋಮೀಟರ್ ಆ ಅದುರಿಗೆ ಸಿಕ್ಕಿದರೆ ಶಾಕ್ ಅಬ್ಸಾರ್ಬರ್ ಕಾದು ಸತ್ವ ಕಳೆದುಕೊಳ್ಳುತ್ತದೆ, ಪಟ್ಟಿ ಸ್ಪ್ರಿಂಗು ಮುರಿಯುತ್ತದೆ, ಬಿಗಿದ ನಟ್ಟು ತಾನೇ ಸಡಿಲಾಗುತ್ತದೆ. ಹಿಟ್ಟಿನಷ್ಟು ನಯವಾದ ಧೂಳು ಆಳದ ಗುಂಡಿಗಳನ್ನು ತುಂಬಿ ಸಮತಟ್ಟು ನೆಲದಂತೆ ಕಾಣಿಸುತ್ತದೆ. ಚಕ್ರ ಇಳಿದ ಮೇಲೆಯೇ ಗುಂಡಿ ಗೊತ್ತಾಗುವುದು. ಹುಲ್ಲಿನ ಬೀಜ ರೇಡಿಯೇಟರಿಗೆ ಮೆತ್ತಿಕೊಂಡು ಎಂಜಿನ್ ಕುದಿಯುತ್ತದೆ. ಅದಕ್ಕೇ ಸ್ಪ್ರಿಂಗು ಬಲಪಡಿಸಿ, ಎಂಜಿನ್ ತಳಕ್ಕೆ ಉಕ್ಕಿನ ತಗಡು ಹೊಡೆದು, ರೇಡಿಯೇಟರ್ ಮುಂದೆ ಜಾಲರಿ ಕಟ್ಟಿ, ಬಾಗಿಲ ಸಂದಿಗಳನ್ನು ಹೊಸ ರಬ್ಬರಿನಿಂದ ಮುಚ್ಚುತ್ತಾರೆ. ಇಂಧನದ್ದು ಇನ್ನೊಂದು ತೊಡಕು. ಈ ಎಂಜಿನ್‌ಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಆ ಸೀಸವೇ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿತ್ತು. ಆಸ್ಟ್ರೇಲಿಯಾ 2002ರಲ್ಲಿ ಸೀಸದ ಪೆಟ್ರೋಲನ್ನು ನಿಲ್ಲಿಸಿತು. ಅಂದಿನಿಂದ ಎಂಜಿನ್ ಬಿಚ್ಚಿ ಅಲ್ಲಿಗೆ ಗಟ್ಟಿ ಉಕ್ಕಿನ ಬಳೆ ಕೂರಿಸಬೇಕು, ಇಲ್ಲವೇ ಟ್ಯಾಂಕಿಗೆ ಬೇರೆ ದ್ರಾವಣ ಬೆರೆಸಬೇಕು.

ಇಷ್ಟೆಲ್ಲ ಮಾಡಿದರೂ ದಾರಿಯಲ್ಲಿ ಕಾರು ಕೆಟ್ಟೇ ಕೆಡುತ್ತದೆ. ಬೆಂಗಾವಲಿನ ಮೆಕ್ಯಾನಿಕ್‌ಗಳು ರಾತ್ರಿ ದೀಪ ಹಚ್ಚಿಕೊಂಡು ರಿಪೇರಿಗೆ ಕೂರುತ್ತಾರೆ, ಬೆಳಗ್ಗೆ ಕಾರು ಮತ್ತೆ ದಾರಿ ಹಿಡಿಯುತ್ತದೆ. ಹಾದು ಹೋಗುವ ಊರುಗಳಲ್ಲಿ ಶಾಲೆಯ ಮುಂದೆ ದಂಡು ನಿಲ್ಲುತ್ತದೆ. ವೇಷ ತೊಟ್ಟ ಚಾಲಕರು, ಚಿತ್ರವಿಚಿತ್ರವಾಗಿ ಸಿಂಗರಿಸಿದ ಕಾರುಗಳು, ಸುತ್ತ ಮಕ್ಕಳು. ಪೇಟೆಯಿಂದ ದೂರವಿರುವ ಆ ಪುಟ್ಟ ಶಾಲೆಗಳಿಗೆ ಬೇಕಾದ ಸಾಮಗ್ರಿ ಆಗ ಕೈ ಸೇರುತ್ತದೆ. ಕೂಡಿದ ನಿಧಿ ಕಾಯಿಲೆ, ಅಂಗವಿಕಲತೆ, ಬಡತನ ಎದುರಿಸುವ ಮಕ್ಕಳಿಗೆ ಸಲ್ಲುತ್ತದೆ: ಒಬ್ಬರಿಗೆ ಗಾಲಿಕುರ್ಚಿ, ಇನ್ನೊಬ್ಬರಿಗೆ ಮಾತನಾಡಲು ನೆರವಾಗುವ ಯಂತ್ರ. ವಿಶೇಷ ಶಾಲೆಗಳಿಗೆ ವೆರೈಟಿ ಕೊಡುವ ‘ಸನ್‌ಶೈನ್ ಕೋಚ್’ ಎಂಬ ಸಣ್ಣ ಬಸ್ಸುಗಳಂತೂ ಆಸ್ಟ್ರೇಲಿಯಾದ ರಸ್ತೆಗಳಲ್ಲಿ ಎಲ್ಲರಿಗೂ ಪರಿಚಿತ.

ವಸ್ತುಸಂಗ್ರಹಾಲಯದ ಗಾಜಿನಾಚೆ ಹೊಳೆಯುವ ಕಾರನ್ನು ನೋಡುವುದೂ ಸಂತೋಷವೇ. ಆದರೆ ತಗಡು ನೆಗ್ಗಿ, ಕೆಸರು ಮೆತ್ತಿಕೊಂಡು, ಯಾವುದೋ ಮಗುವಿನ ಕುರ್ಚಿಗಾಗಿ ಮರಳುಗಾಡು ದಾಟಿ ಬಂದ ಕಾರನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಓಡುವುದಕ್ಕೆಂದು ಮಾಡಿದ ವಸ್ತುವನ್ನು ಓಡಿಸುತ್ತಲೇ ಉಳಿಸಿಕೊಳ್ಳುವುದು ಸರಿಯಾದ ಸಂರಕ್ಷಣೆ.

ಹೋಲ್ಡನ್ ಸ್ವತಃ ಈಗಿಲ್ಲ. ಅಡಿಲೇಡ್ ಹೊರವಲಯದ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದದ್ದು 2017ರ ಅಕ್ಟೋಬರ್ 20ರಂದು. 2020ರಲ್ಲಿ ಆ ಹೆಸರನ್ನೂ ಕೈಬಿಡುವುದಾಗಿ ಕಂಪನಿ ಘೋಷಿಸಿತು. ಮೂವತ್ತು ವರ್ಷದ ನಿಯಮ ಹೀಗೆಯೇ ಉಳಿದರೆ, ಆ ಕೊನೆಯ ವರ್ಷದ ಕಾರುಗಳಿಗೆ 2047ರಲ್ಲಿ ಬ್ಯಾಶ್‌ನ ಪ್ರವೇಶ ಸಿಗುತ್ತದೆ.